ಕುದಿಸಿದ ಹತ್ತು ಬೀಜ

ಬೀಜದಲ್ಲಿ ಜೀವ ಇದೆಯೇ ಎಂದು ಬಣ್ಣ ಬರಿಸಿ ನೋಡುವ ಟಿ.ಜೆಡ್. (ಟೆಟ್ರಝೋಲಿಯಂ) ಪರೀಕ್ಷೆಗೆ ಕೂರುವ ದಿನ ನಾನು ಮೊದಲು ಮಾಡುವ ಕೆಲಸ ಹತ್ತು ಬೀಜ ಕುದಿಸುವುದು. ಸಣ್ಣ ಬೀಕರಿನಲ್ಲಿ ನೀರು ಕುದಿ ಬಂದ ಮೇಲೆ, ಪರೀಕ್ಷೆಗೆ ಬಂದಿರುವ ಲಾಟಿನಿಂದಲೇ ಹತ್ತು ಕಾಳು ಎಣಿಸಿ ಹಾಕಿ ಅರ್ಧ ಗಂಟೆ ಬಿಡುತ್ತೇನೆ. ಆಮೇಲೆ ಬಸಿದು, ಆರಿಸಿ, ಮಿಕ್ಕ ಕಾಳುಗಳ ಜೊತೆಗೇ ಸೀಳಿ, ಅದೇ ದ್ರಾವಣದಲ್ಲಿ ಮುಳುಗಿಸಿ, ಅದೇ ಕತ್ತಲೆ ಡಬ್ಬದಲ್ಲಿ ಇಡುತ್ತೇನೆ. ಸತ್ತಿವೆ ಎಂಬುದು ಖಾತ್ರಿ ಇರುವ ಹತ್ತು ಕಾಳು ಪಕ್ಕದಲ್ಲಿರಲಿ ಎಂದೇ ಇಷ್ಟೆಲ್ಲ. ನಿಯಮದ ಪುಸ್ತಕದಲ್ಲಿ ಹೀಗೆ ಮಾಡು ಎಂದು ಬರೆದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಮೇಡಂ ಅವರ ಅಭ್ಯಾಸ ಇದು. ಅವರು ನಿವೃತ್ತರಾದ ಮೇಲೂ ನಾನು ಬಿಟ್ಟಿಲ್ಲ.

ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ನನಗೆ ಹದಿನಾಲ್ಕು ವರ್ಷವಾಯಿತು. ಮುಂಗಾರು ಹತ್ತಿರ ಬಂತೆಂದರೆ ಮೇಜಿನ ಮೇಲೆಲ್ಲ ಬಟ್ಟೆಚೀಲಗಳು. ಭತ್ತ, ರಾಗಿ, ತೊಗರಿ, ಶೇಂಗಾ, ಮುಸುಕಿನ ಜೋಳ. ಒಂದೊಂದು ಚೀಲದಿಂದ 400 ಕಾಳು ಎಣಿಸಿ, ನೂರು ನೂರರ ನಾಲ್ಕು ಪಾಲು ಮಾಡಿ, ಒದ್ದೆ ಟವೆಲ್ ಪೇಪರಿನಲ್ಲಿ ಸುತ್ತಿ ಜರ್ಮಿನೇಟರ್ ಒಳಗೆ ಓರೆಯಾಗಿ ನಿಲ್ಲಿಸಬೇಕು. ರಾಗಿಯಂಥ ಸಣ್ಣ ಕಾಳಾದರೆ ಪೆಟ್ರಿ ತಟ್ಟೆಯಲ್ಲಿ ಕಾಗದದ ಮೇಲೆ. ರಾಗಿಗೆ ಎಂಟು ದಿನ, ಭತ್ತಕ್ಕೆ ಹದಿನಾಲ್ಕು. ಪ್ರಮಾಣಿತ ಬೀಜ ಅನ್ನಿಸಿಕೊಳ್ಳಲು ಭತ್ತ ನೂರಕ್ಕೆ 80 ಮೊಳೆಯಬೇಕು, ರಾಗಿ 75. ನಮ್ಮ ವರದಿಯಲ್ಲಿ ಇದಕ್ಕೆ ‘ಮೊಳಕೆ ಪ್ರಮಾಣ’ ಎಂದು ಹೆಸರು. ಆದರೆ ಚೀಲ ಹಿಡಿದು ಬರುವ ರೈತರು ಯಾರೂ ಹಾಗೆ ಕೇಳುವುದಿಲ್ಲ. ಅವರು ಕೇಳುವುದು ಒಂದೇ ಮಾತು: ‘ಇದ್ರಲ್ಲಿ ಜೀವ ಐತಾ ನೋಡಿ ಹೇಳಿ ಮೇಡಮ್ಮೋರೆ.’

ಭೂಮಿಯ ಆಚೆ ಜೀವ ಹುಡುಕುವವರ ಬಗ್ಗೆ ಎಲ್ಲಿ ಓದಿದರೂ ನನಗೆ ಈ ಪ್ರಶ್ನೆ ನೆನಪಾಗುತ್ತದೆ. ಕೇಳುವ ಮಾತು ಅದೇ, ಚೀಲ ಮಾತ್ರ ಬೇರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಆಗಷ್ಟೇ ಕೊಯ್ಲಾಗಿ ಬಂದ ಭತ್ತದ ಲಾಟು. ಹದಿನಾಲ್ಕನೆಯ ದಿನ ಸುರುಳಿ ಬಿಚ್ಚಿದರೆ ನೂರಕ್ಕೆ ನಲವತ್ತೂ ಮೊಳೆತಿರಲಿಲ್ಲ. ಮಿಕ್ಕಿದ್ದನ್ನೆಲ್ಲ ‘ಸತ್ತ ಬೀಜ’ ಎಂಬ ಕಾಲಮ್ಮಿನಲ್ಲಿ ಬರೆದು ಸಹಿಗೆ ಒಯ್ದೆ. ಮೇಡಂ ಕಾಗದ ನೋಡಲಿಲ್ಲ, ಸುರುಳಿ ತರಿಸಿದರು. ಮೊಳೆಯದ ಕಾಳೊಂದನ್ನು ಚಿಮಟಿಗೆಯಲ್ಲಿ ಒತ್ತಿದರು. ‘ಸತ್ತ ಕಾಳು ಹದಿನಾಲ್ಕು ದಿನ ನೀರಲ್ಲಿದ್ರೆ ಪಿಚಕ್ ಅಂತ ಹೋಗ್ಬೇಕು ಕಣಮ್ಮ. ಇದು ಹೋಗುತ್ತಾ ನೋಡು’ ಅಂದರು. ಹೋಗಲಿಲ್ಲ. ಗಟ್ಟಿಯಾಗಿಯೇ ಇತ್ತು, ಬೂಸಲೂ ಹಿಡಿದಿರಲಿಲ್ಲ.

ಅವತ್ತೇ ನಾನು ಟಿ.ಜೆಡ್. ಪರೀಕ್ಷೆಯನ್ನು ಕಣ್ಣಾರೆ ಕಂಡದ್ದು. ಟೆಟ್ರಝೋಲಿಯಂ ಎಂಬ ಲವಣವನ್ನು ನೀರಲ್ಲಿ ಕರಗಿಸಿದರೆ ಅದಕ್ಕೆ ಬಣ್ಣವಿರುವುದಿಲ್ಲ. ಬೀಜದ ಕಣ ಉಸಿರಾಡುತ್ತಿದ್ದರೆ, ಉಸಿರಾಟದಲ್ಲಿ ಬಿಡುಗಡೆಯಾಗುವ ಹೈಡ್ರೋಜನ್ ಈ ಲವಣವನ್ನು ಸೇರಿ ಫಾರ್ಮಜಾನ್ ಎಂಬ ಕೆಂಪು ವಸ್ತುವಾಗುತ್ತದೆ. ಆ ಕೆಂಪು ನೀರಲ್ಲಿ ಕರಗದು, ಹರಡದು. ಎಲ್ಲಿ ಉಸಿರಿತ್ತೋ ಅಲ್ಲೇ ಕೂರುತ್ತದೆ. 1940ರ ದಶಕದಲ್ಲಿ ಜರ್ಮನಿಯ ಗಿಯೋರ್ಗ್ ಲಾಕೋನ್ ಇದನ್ನು ಬೀಜಗಳಿಗೆ ಹೊಂದಿಸಿದರು. ಭತ್ತದ ಹೊಟ್ಟು ಸುಲಿದು, ಭ್ರೂಣದ ನಡುವಿನಿಂದ ಉದ್ದಕ್ಕೆ ಸೀಳಿ, ಆ ದ್ರಾವಣದಲ್ಲಿ ಕತ್ತಲಲ್ಲಿಟ್ಟೆವು. ಕೆಲವು ಗಂಟೆಗಳ ನಂತರ ಮುಚ್ಚಳ ತೆಗೆದರೆ, ನಾನು ಸತ್ತಿವೆ ಎಂದು ಬರೆದಿದ್ದ ಕಾಳುಗಳ ಮೂಲೆಯಲ್ಲಿ ಸಾಸಿವೆಯಷ್ಟು ಜಾಗ ದಾಸವಾಳದ ಹಾಗೆ ಕೆಂಪಾಗಿತ್ತು. ಪಕ್ಕದ ತಟ್ಟೆಯಲ್ಲಿ ಕುದಿಸಿದ ಹತ್ತು ಬಿಳುಚಿಕೊಂಡು ಬಿದ್ದಿದ್ದವು.

ಅವು ಸುಪ್ತಾವಸ್ಥೆಯಲ್ಲಿದ್ದವು. ಹೊಸ ಭತ್ತ ಎಷ್ಟೋ ತಳಿಗಳಲ್ಲಿ ಕೆಲವು ವಾರ ನಿದ್ದೆ ಬಿಡುವುದಿಲ್ಲ. ತೆನೆ ಮೇಲೇ ಮಳೆ ಬಿದ್ದು ಮೊಳೆತುಹೋಗದಿರಲಿ ಎಂಬ ಏರ್ಪಾಡು ಅದು. ಅದೇ ಲಾಟನ್ನು ಕೆಲವು ದಿನ 50 ಡಿಗ್ರಿ ಶಾಖದಲ್ಲಿಟ್ಟು ಮತ್ತೆ ಹಾಕಿದಾಗ ತೊಂಬತ್ತರ ಮೇಲೆ ಮೊಳೆಯಿತು. ನಮ್ಮ ನಮೂನೆಯಲ್ಲಿ ‘ಸತ್ತ ಬೀಜ’ ಬೇರೆ, ‘ಗಟ್ಟಿ ಬೀಜ’ ಬೇರೆ, ‘ಮೊಳೆಯದ ತಾಜಾ ಬೀಜ’ ಬೇರೆ ಎಂದು ಮೂರು ಕಾಲಮ್ಮು ಏಕಿವೆ ಎನ್ನುವುದು ನನಗೆ ಆಗ ಮನಸ್ಸಿಗೆ ಇಳಿಯಿತು. ಇಸ್ರೇಲಿನ ಮಸಾದಾ ಕೋಟೆಯ ಅಗೆತದಲ್ಲಿ ಸಿಕ್ಕ ಸುಮಾರು 2,000 ವರ್ಷದ ಖರ್ಜೂರದ ಬೀಜ 2005ರಲ್ಲಿ ಮೊಳೆತು ಗಿಡವಾಯಿತು. ಅಷ್ಟೂ ಕಾಲ ಅದು ತಿನ್ನಲಿಲ್ಲ, ಬೆಳೆಯಲಿಲ್ಲ, ಅಲುಗಲಿಲ್ಲ. ಯಾವ ಪರೀಕ್ಷಕಿಯ ಎದುರು ಇಟ್ಟಿದ್ದರೂ ಕಲ್ಲಿನ ಚೂರು ಅನ್ನುತ್ತಿದ್ದಳೇನೋ.

ಮಂಗಳದಲ್ಲಿ ಜೀವ ಹುಡುಕಲು ನಾಸಾ ಕಳಿಸಿದ ವೈಕಿಂಗ್ ನೌಕೆಗಳ ಕಥೆ ನಾನು ವಿವರವಾಗಿ ಓದಿದ್ದು ಮಗಳ ಶಾಲೆಯ ಪ್ರಾಜೆಕ್ಟಿಗೆ ಮಂಗಳ ಗ್ರಹದ ಚಿತ್ರ ಹುಡುಕುವಾಗ. ಅವಳು ಚಿತ್ರ ಅಂಟಿಸಿ ಮಲಗಿದಳು, ನಾನು ರಾತ್ರಿ ಒಂದೂವರೆವರೆಗೆ ಓದುತ್ತ ಕುಳಿತೆ. ಇದು ನಮ್ಮದೇ ಲ್ಯಾಬಿನ ಕೆಲಸ ಅನ್ನಿಸಿಬಿಟ್ಟಿತ್ತು.

ವೈಕಿಂಗ್-1 ಮಂಗಳದ ಮೇಲೆ ಇಳಿದದ್ದು 1976ರ ಜುಲೈ 20ರಂದು, ವೈಕಿಂಗ್-2 ಅದೇ ಸೆಪ್ಟೆಂಬರ್ 3ರಂದು, ಒಂದರಿಂದೊಂದು ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಭೂಮಿಯ ಸೂಕ್ಷ್ಮಜೀವಿಗಳು ಜೊತೆಗೆ ಹೋಗಬಾರದೆಂದು ಹೊರಡುವ ಮುನ್ನ ಇಡೀ ನೌಕೆಯನ್ನು 110 ಡಿಗ್ರಿ ದಾಟಿದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿದ್ದರು. ಉದ್ದನೆಯ ಕೈ ಚಾಚಿ ಮಣ್ಣು ಗೋರಿ ಒಳಗೆ ಹಾಕಿಕೊಂಡು ಜೀವ ಇದೆಯೇ ಎಂದು ನೋಡುವ ಮೂರು ಪ್ರಯೋಗಗಳು ಅದರಲ್ಲಿದ್ದವು. ಗಿಲ್ಬರ್ಟ್ ಲೆವಿನ್ ಮತ್ತು ಪೆಟ್ರೀಷಿಯಾ ಸ್ಟ್ರಾಟ್ ನಡೆಸಿದ ಪ್ರಯೋಗ ಮೂರರಲ್ಲಿ ನನಗೆ ತೀರ ಹತ್ತಿರದ್ದು. ಚಿಟಿಕೆ ಮಣ್ಣು. ಅದರ ಮೇಲೆ ಫಾರ್ಮೇಟ್, ಗ್ಲೈಸಿನ್, ಲ್ಯಾಕ್ಟೇಟ್ ಥರದ ಸರಳ ಆಹಾರ ಕರಗಿಸಿದ ನೀರಿನ ಒಂದು ಹನಿ. ಆ ಆಹಾರದ ಇಂಗಾಲಕ್ಕೆ ವಿಕಿರಣದ ಗುರುತು ಹಾಕಿದ್ದರು. ಮಣ್ಣಿನಲ್ಲಿ ಯಾರಾದರೂ ಅದನ್ನು ತಿಂದು ಉಸಿರು ಬಿಟ್ಟರೆ ಗುರುತು ಹತ್ತಿದ ಅನಿಲ ಮೇಲೇಳಬೇಕು, ಎಣಿಕೆ ಯಂತ್ರ ಅದನ್ನು ಎಣಿಸಬೇಕು.

ಎದ್ದಿತು. ಹನಿ ಬಿದ್ದ ಕೂಡಲೇ ಅನಿಲ ಎದ್ದಿತು, ಎಣಿಕೆ ಸರ್ರನೆ ಏರಿತು. ಆಮೇಲೆ ಅವರು ಅದೇ ಮಣ್ಣಿನ ಇನ್ನೊಂದು ಪಾಲನ್ನು 160 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ, ಆರಿಸಿ, ಮತ್ತೆ ಹನಿ ಹಾಕಿದರು. ಏನೂ ಏಳಲಿಲ್ಲ. ನಾನು ಅಲ್ಲಿ ಓದು ನಿಲ್ಲಿಸಿ ನೀರು ಕುಡಿದು ಬಂದೆ. ಕುದಿಸಿದ ಹತ್ತು ಬೀಜ! ಕೋಟಿಗಟ್ಟಲೆ ಕಿಲೋಮೀಟರ್ ಆಚೆ, ಮನುಷ್ಯರಿಲ್ಲದ ಪೆಟ್ಟಿಗೆಯೊಂದು, ನಾನು ವಾರ ವಾರ ಮಾಡುವುದನ್ನೇ ನಾನು ಹುಟ್ಟುವ ಮೊದಲೇ ಮಾಡಿತ್ತು.

ಜೀವ ಸಿಕ್ಕಿತು ಎಂದು ಹೇಳಲು ಹೊರಡುವ ಮುಂಚೆ ಏನೇನು ಗೊತ್ತುಮಾಡಿಕೊಂಡಿದ್ದರೋ, ಲೆವಿನ್ ಅವರ ಪ್ರಯೋಗದ ಮಟ್ಟಿಗೆ ಅದೆಲ್ಲ ಕೂಡಿಬಂದಿತ್ತು. ಆದರೂ ಹೆಚ್ಚಿನವರು ಒಪ್ಪಲಿಲ್ಲ. ಒಪ್ಪದಿರಲು ಒಳ್ಳೆಯ ಕಾರಣಗಳೇ ಇದ್ದವು. ಎರಡನೆಯ ಸಲ ಆಹಾರದ ಹನಿ ಕೊಟ್ಟಾಗ ಅನಿಲ ಮತ್ತಷ್ಟು ಏಳಬೇಕಿತ್ತು, ಬದಲಿಗೆ ಎದ್ದಿದ್ದರಲ್ಲೇ ಒಂದಿಷ್ಟನ್ನು ಮಣ್ಣು ವಾಪಸ್ ಹೀರಿಕೊಂಡಿತು. ಊಟ ಸಿಕ್ಕಿದ ಜೀವ ಬೆಳೆಯುತ್ತದೆ, ಹೆಚ್ಚುತ್ತದೆ. ಇದು ಹಾಗೆ ಮಾಡಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಬರೀ ತೇವ ತಗುಲಿಸಿದ್ದಕ್ಕೇ ಮಣ್ಣು ಆಮ್ಲಜನಕ ಬಿಟ್ಟಿತು, ಕಾಯಿಸಿದ ಮಣ್ಣೂ ಬಿಟ್ಟಿತು. ಎಲ್ಲಕ್ಕಿಂತ ಭಾರವಾದದ್ದು ಅದೇ ನೌಕೆಯಲ್ಲಿದ್ದ ಕ್ಲಾಸ್ ಬೀಮನ್ ಅವರ ಉಪಕರಣದ ಉತ್ತರ. ಅದು ಮಣ್ಣನ್ನು 500 ಡಿಗ್ರಿವರೆಗೆ ಕಾಯಿಸಿ ಸಾವಯವ ವಸ್ತು ಹುಡುಕಿತು. ಸಿಕ್ಕಿದ್ದು ಕ್ಲೋರಿನ್ ಸೇರಿದ ಒಂದೆರಡು ಸಂಯುಕ್ತಗಳ ಸುಳಿವು ಮಾತ್ರ. ಇಲ್ಲಿಂದ ಹೋಗುವಾಗ ಯಂತ್ರ ಒರೆಸಿದ ದ್ರವದ ಉಳಿಕೆ ಇರಬೇಕೆಂದು ಅದನ್ನು ಬದಿಗಿಟ್ಟರು. ದೇಹವೇ ಇಲ್ಲದ ಮೇಲೆ ಉಸಿರು ಯಾರದು? ಅಲ್ಲಿಗೆ ಮಂಗಳ ನಿರ್ಜೀವ ಎಂದಾಯಿತು.

ಮೂವತ್ತೆರಡು ವರ್ಷ ಕಳೆದ ಮೇಲೆ, 2008ರಲ್ಲಿ, ಮಂಗಳದ ಉತ್ತರ ಧ್ರುವದ ಕಡೆ ಇಳಿದ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಲ್ಲಿ ಪರ್‌ಕ್ಲೋರೇಟ್ ಕಂಡುಹಿಡಿಯಿತು. ತಣ್ಣಗಿರುವಾಗ ಸುಮ್ಮನಿದ್ದು, ಕಾಯಿಸಿದಾಗ ಆಮ್ಲಜನಕ ಕಕ್ಕಿ ಸುತ್ತಲಿನ ಸಾವಯವ ವಸ್ತುವನ್ನೆಲ್ಲ ಸುಟ್ಟುಹಾಕುವ ಲವಣ ಅದು. ಅಂಥ ಮಣ್ಣನ್ನು ಕಾಯಿಸಿದರೆ ಉಳಿಯುವುದು ಕ್ಲೋರಿನ್ ಸೇರಿದ ಚೂರುಪಾರು. ಬೀಮನ್ ಅವರ ಯಂತ್ರ ಹುಡುಕುವ ಕ್ರಿಯೆಯಲ್ಲೇ ಹುಡುಕಬೇಕಾದದ್ದನ್ನು ಸುಟ್ಟಿರಬಹುದು ಎಂದು ಆಗ ಹೊಳೆಯಿತು. ಕ್ಯೂರಿಯಾಸಿಟಿ ರೋವರ್ ಮುಂದೆ ಗೇಲ್ ಕುಳಿಯ ಹಳೆಯ ಕೆಸರುಗಲ್ಲಿನಲ್ಲಿ ಸಾವಯವ ವಸ್ತು ಇರುವುದನ್ನು ತೋರಿಸಿತು. 2025ರಲ್ಲಿ ಹತ್ತು, ಹನ್ನೊಂದು, ಹನ್ನೆರಡು ಇಂಗಾಲದ ಪರಮಾಣುಗಳ ಸರಪಣಿಗಳೂ ಸಿಕ್ಕಿದವು. ಲೆವಿನ್ 2021ರಲ್ಲಿ ತೀರಿಕೊಳ್ಳುವವರೆಗೂ ತಮಗೆ ಅವತ್ತು ಸಿಕ್ಕಿದ್ದು ಜೀವವೇ ಎಂದು ನಂಬಿದ್ದರು. ನಾನು ಅವರ ಪಕ್ಷ ವಹಿಸಲಾರೆ. ಎರಡನೆಯ ಹನಿಗೆ ಆ ಮಣ್ಣು ಕೊಟ್ಟ ಉತ್ತರ ನನ್ನ ಕೆಲಸದ ಕಣ್ಣಿಗೆ ಜೀವದ ಉತ್ತರದಂತೆ ಕಾಣುವುದಿಲ್ಲ. ಆದರೆ ‘ಸತ್ತ ಬೀಜ’ ಕಾಲಮ್ಮಿನಲ್ಲಿ ಬರೆದು ಮುಗಿಸಿದ್ದೂ ಸರಿಯಲ್ಲ.

ಇಲ್ಲಿ ನನಗೆ ಬಹಳ ದಿನದಿಂದ ಕಾಡುವ ವಿಷಯವಿದೆ. ವೈಕಿಂಗ್ ಎಡವಿದ್ದು ಜೀವ ಎಂದರೇನು ಎಂದು ಗೊತ್ತಿಲ್ಲದ್ದಕ್ಕೆ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಗೊತ್ತಿಲ್ಲದಿದ್ದದ್ದು ಮಂಗಳದ ನಿರ್ಜೀವ ಮಣ್ಣು. ಜೀವವೇ ಇಲ್ಲದಿದ್ದರೆ ಆ ಮಣ್ಣು ಏನು ಮಾಡುತ್ತದೆ, ತೇವ ತಗುಲಿದರೆ ಹೇಗೆ, ಕಾಯಿಸಿದರೆ ಹೇಗೆ, ಅದರಲ್ಲಿ ಯಾವ ಲವಣಗಳಿವೆ, ಇದ್ಯಾವುದರ ಪರಿಚಯವೂ ಇಲ್ಲದೆ ನೇರ ಜೀವ ಕೇಳಲು ಹೋದರು. ನಮ್ಮ ನಿಯಮದ ಪುಸ್ತಕದಲ್ಲಿ ಒಂದೊಂದು ಬೆಳೆಗೂ ಎಷ್ಟು ಶಾಖ, ಎಷ್ಟು ದಿನ, ಕಾಗದವೋ ಮರಳೋ ಎಂದು ಬರೆದಿದೆ. ಅದರ ಹಿಂದೆ ಸಾವಿರಾರು ವರ್ಷ ಆ ಬೀಜವನ್ನು ಬಿತ್ತಿ, ಬೆಳೆದು, ಕೊಳೆಯಲು ಬಿಟ್ಟು, ಮತ್ತೆ ಬಿತ್ತಿದವರ ಒಡನಾಟವಿದೆ. ಮಂಗಳಕ್ಕೆ ಇನ್ನೂ ಅಂಥ ಪುಟ ಇಲ್ಲ.

ಹಾಗಾದರೆ ಜೀವಕ್ಕೆ ವ್ಯಾಖ್ಯೆ ಬೇಡವೇ? 1990ರ ದಶಕದ ಮೊದಲ ವರ್ಷಗಳಲ್ಲಿ ನಾಸಾದ ಸಮಿತಿಯೊಂದು ಕೂತು ಒಂದು ವಾಕ್ಯ ಹೊಸೆಯಿತು. ತನ್ನನ್ನು ತಾನೇ ನಡೆಸಿಕೊಳ್ಳುವ, ಡಾರ್ವಿನ್ ಹೇಳಿದ ಬಗೆಯ ವಿಕಾಸಕ್ಕೆ ಶಕ್ತವಾದ ರಾಸಾಯನಿಕ ವ್ಯವಸ್ಥೆಯೇ ಜೀವ, ಎಂದು. ಈಗಲೂ ಎಲ್ಲರೂ ಮೊದಲು ಹೇಳುವುದು ಇದನ್ನೇ. ಒಳ್ಳೆಯ ವಾಕ್ಯವೇ. ಆದರೆ ನಮ್ಮೂರ ಕೊಟ್ಟಿಗೆಯಲ್ಲಿ ಬೀಜ ಒಡೆಸಿದ ಎತ್ತು ನಿಂತಿದೆ. ಅದಕ್ಕೆ ಕರು ಹುಟ್ಟುವುದಿಲ್ಲ. ವಿಕಾಸ ಎನ್ನುವುದು ಪೀಳಿಗೆಗಳ ಮಾತು, ಆ ಎತ್ತಿನ ಪಾಲಿಗೆ ಮುಂದಿನ ಪೀಳಿಗೆಯೇ ಇಲ್ಲ. ಹಾಗೆಂದು ಬೆಳಗಾಗೆದ್ದು ಹುಲ್ಲಿಗೆ ಕತ್ತು ಚಾಚುವ ಅದನ್ನು ನಿರ್ಜೀವ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಇತ್ತ ಒಲೆಯ ಬೆಂಕಿ ಸೌದೆ ತಿನ್ನುತ್ತದೆ, ಗಾಳಿ ಎಳೆದುಕೊಳ್ಳುತ್ತದೆ, ಬೂದಿ ಬಿಡುತ್ತದೆ, ಕಿಡಿ ಹಾರಿ ಇನ್ನೊಂದು ಬೆಂಕಿಯನ್ನು ಹುಟ್ಟಿಸುತ್ತದೆ. ಪಾಕದಲ್ಲಿ ನೂಲು ಇಳಿಬಿಟ್ಟರೆ ಕಲ್ಲುಸಕ್ಕರೆ ಬೆಳೆಯುತ್ತದೆ. ಇನ್ನು ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರನ್ನು ಕೇಳಿ, ಎಲೆಗೆ ಹಳದಿ ಮಚ್ಚೆ ತರುವ ಮೊಸಾಯಿಕ್ ರೋಗ ಹೇಗೆ ಗಿಡದಿಂದ ಗಿಡಕ್ಕೆ ಹರಡುತ್ತದೆ ಎಂದು ಹೇಳುತ್ತಾರೆ. ಅದನ್ನು ತರುವ ವೈರಸ್ಸನ್ನು ವೆಂಡೆಲ್ ಸ್ಟಾನ್ಲಿ 1935ರಲ್ಲಿ ಉಪ್ಪಿನ ಹರಳಿನ ಹಾಗೆ ಹರಳುಗಟ್ಟಿಸಿ ಸೀಸೆಯಲ್ಲಿಟ್ಟರು. ಸೀಸೆಯಲ್ಲಿರುವಾಗ ಬರೀ ಪುಡಿ. ನೀರಲ್ಲಿ ಕಲಸಿ ಎಲೆಗೆ ಉಜ್ಜಿದರೆ ಮತ್ತೆ ರೋಗ.

ಅಮೆರಿಕದ ತತ್ತ್ವಶಾಸ್ತ್ರಜ್ಞೆ ಕ್ಯಾರಲ್ ಕ್ಲೆಲ್ಯಾಂಡ್ ಈ ವ್ಯಾಖ್ಯೆಗಳ ಬಗ್ಗೆ ಹೇಳುವುದು ನನಗೆ ಹಿಡಿಸಿದೆ. ಅಣುಗಳ ವಿಷಯ ಗೊತ್ತಿಲ್ಲದ ಕಾಲದಲ್ಲಿ ನೀರು ಎಂದರೇನು ಎಂದು ಕೇಳಿದ್ದರೆ, ತಿಳಿಯಾಗಿರುತ್ತದೆ, ಬಾಯಾರಿಕೆ ತಣಿಸುತ್ತದೆ, ಹರಿಯುತ್ತದೆ ಎಂದು ಲಕ್ಷಣಗಳನ್ನು ಹೇಳಬಹುದಿತ್ತು ಅಷ್ಟೆ. ಎರಡು ಹೈಡ್ರೋಜನ್, ಒಂದು ಆಮ್ಲಜನಕ ಎಂಬುದು ಪದದ ಅರ್ಥ ಜಾಲಾಡುವುದರಿಂದ ಬರಲಿಲ್ಲ, ರಸಾಯನಶಾಸ್ತ್ರದ ಅರಿವು ಬೆಳೆದದ್ದರಿಂದ ಬಂತು. ಜೀವದ ವಿಷಯದಲ್ಲಿ ನಾವಿನ್ನೂ ಅಣುವಿಗೆ ಮುಂಚಿನ ಕಾಲದಲ್ಲಿದ್ದೇವೆ ಎನ್ನುತ್ತಾರೆ ಅವರು. ನಮಗೆ ಸಿಕ್ಕಿರುವ ಮಾದರಿಯಾದರೂ ಒಂದೇ. ಆನೆ, ಆಲ, ಅಣಬೆ, ಹೆಪ್ಪಿನ ಬ್ಯಾಕ್ಟೀರಿಯಾ ಎಲ್ಲವೂ ಒಂದೇ ಬಗೆಯ ಡಿಎನ್‌ಎ ಬರಹ ಹೊತ್ತ ಒಂದೇ ಮನೆತನ. ಒಂದೇ ಲಾಟಿನ ಒಂದೇ ಚೀಲ ನೋಡಿ ಲೋಕದ ಬೀಜವೆಲ್ಲ ಹೀಗೇ ಇರುತ್ತದೆ ಎಂದು ನಾನು ಎಂದಾದರೂ ವರದಿ ಬರೆದೇನೆ?

ಕನ್ನಡದಲ್ಲಂತೂ ‘ಜೀವ’ ಯಾವ ಬೇಲಿಗೂ ಸಿಕ್ಕುವುದಿಲ್ಲ. ಮೊದಲ ಮಳೆಗೆ ನೆಲಕ್ಕೆ ಜೀವ ಬರುತ್ತದೆ. ಬೇಸಿಗೆಯಲ್ಲೂ ಬತ್ತದ್ದು ಜೀವನದಿ. ಬೂದಿಯಡಿ ಕೆಂಡಕ್ಕೆ ಇನ್ನೂ ಜೀವ ಇದೆ, ಊದು ಅನ್ನುತ್ತಿದ್ದಳು ನಮ್ಮಜ್ಜಿ. ಸಂಸ್ಕೃತದಿಂದ ಬಂದ ‘ಜೀವನ’ ಎಂಬ ಪದಕ್ಕೆ ನೀರು ಎಂಬ ಅರ್ಥವೂ ಇದೆ. ಮಂಗಳದಲ್ಲಿ ನೀರಿನ ಜಾಡು ಹಿಡಿದು ಹೋಗಿ ಎಂಬುದು ನಾಸಾ ಎಷ್ಟೋ ವರ್ಷ ಹಿಡಿದ ದಾರಿಯೂ ಹೌದು.

ವೈಕಿಂಗ್ ಹಾರುವುದಕ್ಕೆ ಹತ್ತು ವರ್ಷ ಮೊದಲೇ ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಬೇರೆ ಥರ ಯೋಚಿಸಿದ್ದರು. ಮಣ್ಣು ಗೋರುವುದೇಕೆ, ದೂರದಿಂದಲೇ ಗಾಳಿ ನೋಡಿ ಅಂದರು ಅವರು. ನಮ್ಮ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದೆ, ಜೊತೆಗೆ ಹತ್ತು ಲಕ್ಷಕ್ಕೆ ಎರಡರ ಹತ್ತಿರ ಮೀಥೇನ್ ಇದೆ. ಇವೆರಡೂ ಒಟ್ಟಿಗೆ ಬಾಳುವಂಥವಲ್ಲ. ಗಾಳಿಗೆ ಸೇರಿದ ಮೀಥೇನ್ ಹತ್ತು-ಹನ್ನೆರಡು ವರ್ಷದಲ್ಲಿ ಉತ್ಕರ್ಷಣೆಗೊಂಡು ಇಲ್ಲವಾಗುತ್ತದೆ. ಆದರೂ ಇದೆ ಎಂದರೆ ಯಾರೋ ಎರಡನ್ನೂ ಬಿಡದೆ ತುಂಬುತ್ತಿದ್ದಾರೆ. ಆಮ್ಲಜನಕ ತುಂಬುವುದು ಹಸಿರು. ಮೀಥೇನ್ ತುಂಬುವವರಲ್ಲಿ ಗದ್ದೆಯ ಕೆಸರೂ ಇದೆ, ನಮ್ಮ ಎತ್ತಿನ ಹೊಟ್ಟೆಯೂ ಇದೆ. ಮಂಗಳದ ಗಾಳಿ ನೂರಕ್ಕೆ 95 ಪಾಲು ಇಂಗಾಲದ ಡೈಆಕ್ಸೈಡ್, ಕದಲದೆ ಸಮತೂಕಕ್ಕೆ ಬಂದು ನಿಂತ ಗಾಳಿ.

ಲವ್‌ಲಾಕ್ ದಾರಿ ನನಗೆ ಇಷ್ಟವಾಗುವುದು ಅದು ನಿರ್ಜೀವದ ಕಡೆಯಿಂದ ಲೆಕ್ಕ ಶುರುಮಾಡುತ್ತದೆ ಎಂಬ ಕಾರಣಕ್ಕೆ. ಯಾರೂ ಇಲ್ಲದಿದ್ದರೆ ಈ ಗಾಳಿ ಹೇಗಿರಬೇಕಿತ್ತು ಎಂದು ಮೊದಲು ಲೆಕ್ಕ ಹಾಕು, ಆಮೇಲೆ ನೋಡು. 1990ರ ಡಿಸೆಂಬರಿನಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ ಭೂಮಿಯ ಪಕ್ಕದಿಂದಲೇ ಹಾದುಹೋಗುವಾಗ ಕಾರ್ಲ್ ಸೇಗನ್ ಮತ್ತು ಸಂಗಡಿಗರು ಅದರ ಉಪಕರಣಗಳನ್ನು ನಮ್ಮ ಕಡೆಗೇ ತಿರುಗಿಸಿ, ಇಲ್ಲಿ ಜೀವ ಇದೆಯೇ ಎಂದು ನೋಡಿದರು. ಆಮ್ಲಜನಕದ ಜೊತೆ ಮೀಥೇನ್ ಸಿಕ್ಕಿತು. ಯಾವ ಕಲ್ಲಿಗೂ ಹೊಂದದ ಹಾಗೆ ಕೆಂಪು ಬೆಳಕನ್ನು ಹೀರುವ ಹಸಿರು ನೆಲ ಸಿಕ್ಕಿತು. ರೇಡಿಯೊ ಸಂಕೇತಗಳೂ ಸಿಕ್ಕಿದವು. 1993ರಲ್ಲಿ ಪ್ರಕಟವಾದ ಆ ವರದಿಯನ್ನು ಓದುವಾಗ ನಮ್ಮ ಮನೆಗೇ ಯಾರೋ ಹೊಸದಾಗಿ ಬಂದು ಅಂಗಳ, ಹಿತ್ತಲು ನೋಡಿದಂತೆ ಆಗುತ್ತದೆ.

ಆ ಎತ್ತಿನ ವಿಷಯ ಇನ್ನೊಂದಿಷ್ಟು ಹೇಳಬೇಕು. ಅದು ಮೆಲುಕು ಹಾಕುತ್ತ ಮಲಗಿರುವಾಗ ಅದರ ಮೊದಲ ಹೊಟ್ಟೆಯಲ್ಲಿ ಬೆಳಕಿಲ್ಲ, ಆಮ್ಲಜನಕವಿಲ್ಲ. ಅಲ್ಲಿ ಹುಲ್ಲು ಹುದುಗುವಾಗ ಹೈಡ್ರೋಜನ್ ಹುಟ್ಟುತ್ತದೆ. ಮೀಥೇನಜನಕಗಳು ಎಂಬ ಸೂಕ್ಷ್ಮಜೀವಿಗಳು ಆ ಹೈಡ್ರೋಜನನ್ನೂ ಇಂಗಾಲದ ಡೈಆಕ್ಸೈಡನ್ನೂ ತಿಂದು ಮೀಥೇನ್ ಬಿಡುತ್ತವೆ. ಎತ್ತು ತೇಗುತ್ತದೆ. ಈಗ ಶನಿಗ್ರಹದ ಚಂದ್ರ ಎನ್ಸೆಲಾಡಸ್ ನೋಡಿ. ಅಡ್ಡಳತೆ 500 ಕಿಲೋಮೀಟರ್, ಮೈಯೆಲ್ಲ ಮಂಜುಗಡ್ಡೆ. 2005ರಲ್ಲಿ ಕಸ್ಸಿನಿ ನೌಕೆ ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ, ಮಂಜಿನ ಪುಡಿ ಬಾಹ್ಯಾಕಾಶಕ್ಕೆ ಚಿಮ್ಮುವುದನ್ನು ಕಂಡಿತು. ಒಳಗೆ ಉಪ್ಪುನೀರಿನ ಕಡಲಿದೆ. ಮುಂದೆ ಕಸ್ಸಿನಿ ಆ ಚಿಲುಮೆಯ ನಡುವೆಯೇ ಹಾದು ರುಚಿ ನೋಡಿತು. ಅದರಲ್ಲಿ ಹೈಡ್ರೋಜನ್ ಇರುವುದು 2017ರಲ್ಲಿ ಪ್ರಕಟವಾಯಿತು, ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಕೂಡ ಇದ್ದವು. 2023ರಲ್ಲಿ ಫಾಸ್ಫೇಟೂ ಕಂಡುಬಂತು. ನಮ್ಮ ಎತ್ತಿನ ಹೊಟ್ಟೆಯ ಆ ಕುಳಗಳಿಗೆ ಬೇಕಾದ ಊಟ ಅಷ್ಟು ದೂರದ ಕತ್ತಲ ಕಡಲಿನಲ್ಲಿ ಬಡಿಸಿಟ್ಟಿದೆ. ಉಣ್ಣುವವರಿದ್ದಾರೆಯೇ? ಊಟ ಮುಟ್ಟದೆ ಉಳಿದಿರುವುದೇ ಅಲ್ಲಿ ಯಾರೂ ಇಲ್ಲ ಎಂಬುದಕ್ಕೆ ಗುರುತು ಎನ್ನುವವರೂ ಇದ್ದಾರೆ. ಬಿಸಿಬಂಡೆಯೂ ನೀರೂ ಕೂಡಿ ಜೀವದ ಹಂಗಿಲ್ಲದೆ ಎಷ್ಟು ಹೈಡ್ರೋಜನ್, ಎಷ್ಟು ಮೀಥೇನ್ ಮಾಡಬಲ್ಲವು ಎಂಬ ಲೆಕ್ಕ ಖಚಿತವಾಗದೆ ಇಲ್ಲಿಯೂ ಉತ್ತರವಿಲ್ಲ. ಗುರುವಿನ ಚಂದ್ರ ಯುರೋಪಾಗೆ 2024ರ ಅಕ್ಟೋಬರಿನಲ್ಲಿ ಹೊರಟ ಕ್ಲಿಪ್ಪರ್ ನೌಕೆ ಗುರುವಿನ ಬಳಿ ತಲುಪುವುದು 2030ರಲ್ಲಿ. ಅದರ ಗುರಿಯೂ ಜೀವ ಹುಡುಕುವುದಲ್ಲ, ಜೀವ ಬಾಳಲು ಆಗುವಂಥ ಜಾಗವೇ ಎಂದು ನೋಡುವುದು. ಇದು ಸರಿಯಾದ ಕ್ರಮ ಎಂದು ನನ್ನ ಅಭಿಪ್ರಾಯ.

ದೂರದ ಮಾತೇಕೆ, ನಮ್ಮ ಕಾಲ ಕೆಳಗಿನ ಕಲ್ಲನ್ನೇ ಓದಲು ತಡವರಿಸುತ್ತೇವೆ. ಚಿತ್ರದುರ್ಗದ ಶಿಸ್ಟ್ ಎಂಬ ಪದರಗಲ್ಲಿನ ಪಟ್ಟಿಯ ಸುಣ್ಣದ ಬಂಡೆಗಳಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಎರಡೂವರೆ ಶತಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹಾಸಿಕೊಂಡು, ಮೇಲೆ ಕೂತ ಕೆಸರನ್ನು ಹಿಡಿದು, ಅದರ ಮೇಲೆ ಮತ್ತೊಂದು ಚಾಪೆ ಹಾಸಿ ಎಬ್ಬಿಸಿದ ದಿಬ್ಬಗಳು ಅವು. ಕಡಿದ ಮೈಯಲ್ಲಿ ಚಿರೋಟಿ ಪದರದಂತೆ ಕಾಣುತ್ತವೆ. ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದಷ್ಟು ಹಳೆಯ ಸ್ಟ್ರೊಮಾಟೊಲೈಟ್ ಸಿಕ್ಕಿತೆಂದು 2016ರಲ್ಲಿ ದೊಡ್ಡ ಸುದ್ದಿಯಾಯಿತು. ಎರಡೇ ವರ್ಷದಲ್ಲಿ ಅಬಿಗೇಲ್ ಆಲ್‌ವುಡ್ ಮತ್ತು ಸಂಗಡಿಗರು ಅದೇ ಬಂಡೆಯನ್ನು ಬೇರೆ ಮಗ್ಗುಲಿನಿಂದ ನೋಡಿ, ಇದು ಒತ್ತಡಕ್ಕೆ ಮಡಚಿಕೊಂಡ ಕಲ್ಲು ಎಂದರು. ಮುಂದಿನಿಂದ ನೋಡಿದರೆ ದಿಬ್ಬ, ಪಕ್ಕದಿಂದ ನೋಡಿದರೆ ಉದ್ದಕ್ಕೆ ಹೋದ ಏಣು. ಆಗಲೂ ಕೈಕೊಟ್ಟದ್ದು ನಿರ್ಜೀವ ಕಲ್ಲು ಏನೇನು ವೇಷ ಹಾಕಬಲ್ಲದು ಎಂಬ ಅರಿವಿನ ಕೊರತೆಯೇ. ಹಳೆಯ ಜೀವದ ಕುರುಹು ಇರಬಹುದೆಂದು 1996ರಲ್ಲಿ ಅಮೆರಿಕದ ಅಧ್ಯಕ್ಷರೇ ನಿಂತು ಮಾತನಾಡಿದ, ಮಂಗಳದಿಂದ ಬಂದು ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಆ ಉಲ್ಕೆಯ ಕಥೆಯೂ ಹೆಚ್ಚುಕಡಿಮೆ ಇದೇ.

ಈಗ ಅದೇ ಪ್ರಶ್ನೆ ಮಂಗಳದಲ್ಲಿ ಪರ್ಸಿವರೆನ್ಸ್ ರೋವರ್ 2024ರ ಜುಲೈಯಲ್ಲಿ ಕೊರೆದ ಕಲ್ಲಿನ ಮುಂದಿದೆ. ಚೆಯಾವ ಫಾಲ್ಸ್ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ. ಕೆಂಪು ಕೆಸರುಗಲ್ಲು, ಮೈಮೇಲೆ ಚಿರತೆಯ ಮಚ್ಚೆಯಂಥ ಚುಕ್ಕೆಗಳು. ಆ ಚುಕ್ಕೆಗಳ ಅಂಚಿನಲ್ಲಿ ಕಬ್ಬಿಣದ ಫಾಸ್ಫೇಟ್, ನಡುವೆ ಕಬ್ಬಿಣದ ಸಲ್ಫೈಡ್ ಇರುವಂತೆ ಕಾಣುತ್ತದೆ ಎಂದು 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ನಮ್ಮ ಕೆರೆಗಳ ತಳದ ಕೆಸರಿನಂಥ ಜಾಗದಲ್ಲಿ ಸೂಕ್ಷ್ಮಜೀವಿಗಳು ಸಾವಯವ ವಸ್ತು ತಿಂದು ಉಳಿಸುವುದೂ ಇಂಥ ಖನಿಜಗಳನ್ನೇ. ಜೀವವಿಲ್ಲದೆಯೂ ಆಗಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ ಹೆಚ್ಚು ಶಾಖ ಬೇಕು, ಈ ಕಲ್ಲು ಅಷ್ಟು ಬೆಂದಂತಿಲ್ಲ. ಬರೆದವರು ‘ಇರಬಹುದಾದ ಜೀವದ ಗುರುತು’ ಎಂದಷ್ಟೇ ಹೇಳಿ ನಿಂತರು. ಜೀವವಿಲ್ಲದೆ ಇದು ಹೇಗೆಲ್ಲ ಆದೀತು ಎಂದು ಪ್ರಯೋಗಾಲಯಗಳಲ್ಲಿ ಮಾಡಿ ನೋಡಿ ಎಂದು ಕೇಳಿಕೊಂಡರು. ಓದಿ ನನಗೆ ಗಂಟಲು ಕಟ್ಟಿತು. ಮೇಡಂ ಅವರ ಹತ್ತು ಬೀಜವನ್ನು ಕೊನೆಗೂ ಇಷ್ಟು ದೊಡ್ಡವರು ಕುದಿಸಲು ಕೂತಿದ್ದಾರೆ ಅನ್ನಿಸಿತು. ಕೊರೆದ ಕಲ್ಲಿನ ಚೂರು ಕೊಳವೆಯಲ್ಲಿ ಭದ್ರವಾಗಿ ಮಂಗಳದಲ್ಲೇ ಇದೆ.

124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ಸುದ್ದಿ ಇದಕ್ಕಿಂತ ಹೆಚ್ಚು ಸದ್ದು ಮಾಡಿತು. ಅಲ್ಲಿನ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಇರುವ ಸುಳಿವಿದೆ ಎಂದು ಕೇಂಬ್ರಿಡ್ಜಿನ ನಿಕ್ಕು ಮಧುಸೂದನ್ ಅವರ ತಂಡ 2025ರ ಏಪ್ರಿಲಿನಲ್ಲಿ ಹೇಳಿತು. ಭೂಮಿಯ ಕಡಲಿನಲ್ಲಿ ಅದನ್ನು ಬಿಡುವುದು ಮುಖ್ಯವಾಗಿ ಸೂಕ್ಷ್ಮ ಸಸ್ಯಗಳು. ಆದರೆ ಅದೇ ಅನಿಲ ಜೀವವಿಲ್ಲದ ಧೂಮಕೇತುವಿನಲ್ಲೂ ಸಿಕ್ಕಿದೆ, ಮತ್ತು ಆ ಸುಳಿವು ನಿಜವಾಗಿ ಇದೆಯೇ ಎಂದೇ ಬೇರೆ ತಂಡಗಳು ತಕರಾರು ತೆಗೆದಿವೆ. ತಂಡದವರೂ ಇನ್ನಷ್ಟು ನೋಡಬೇಕು ಎಂದೇ ಹೇಳಿದ್ದರು. ಮರುದಿನದ ತಲೆಬರಹಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಒಂದು ಶನಿವಾರ ನಾನು ಕುದಿಸಿದ ಬೀಜಗಳ ತಟ್ಟೆಯನ್ನು ತೊಳೆಯದೆ ಮರೆತು ಮನೆಗೆ ಬಂದಿದ್ದೆ. ಸೋಮವಾರ ಡಬ್ಬ ತೆರೆದರೆ ಹತ್ತೂ ಕೆಂಪು. ಎದೆ ಝಲ್ಲೆಂದಿತು. ಭೂತಗಾಜು ಹಿಡಿದು ನೋಡಿದಾಗ ಗೊತ್ತಾಯಿತು, ಆ ಕೆಂಪು ಭ್ರೂಣದ ಆಕಾರದಲ್ಲಿರಲಿಲ್ಲ. ಕಂದಿದ, ಜಿಗುಟಾದ ಕೆಂಪು ಎಲ್ಲೆಂದರಲ್ಲಿ ಮೆತ್ತಿಕೊಂಡಿತ್ತು. ಬೂಸಲು, ಬ್ಯಾಕ್ಟೀರಿಯಾ. ಬೀಜ ಸತ್ತೇ ಇತ್ತು, ಅದರ ಮೇಲೆ ಬೇರೆ ಯಾರೋ ಉಸಿರಾಡುತ್ತಿದ್ದರು. ಕೆಂಪು ಇದೆಯೇ ಎಂದು ಮಾತ್ರ ನೋಡಿದ್ದರೆ ಮೋಸಹೋಗುತ್ತಿದ್ದೆ. ಆ ಸೋಮವಾರದಿಂದ ನಾನು ಕೆಂಪು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ಮೊದಲು ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ಟವೆಲಿನ ಗಂಟಿನಲ್ಲಿ ರಾಗಿ ತಂದಿದ್ದರು. ಹೊಸ ಮನೆಗೆ ಪಾಯ ತೋಡುವಾಗ ಹಳೆಯ ಹಗೇವು ಬಾಯಿ ತೆರೆದುಕೊಂಡಿತಂತೆ. ಅವರಪ್ಪ ಮುಚ್ಚಿಸಿದ್ದು. ಎಷ್ಟು ವರ್ಷವಾಯಿತೋ ಅವರಿಗೂ ನೆನಪಿಲ್ಲ. ರಾಗಿ ಕಪ್ಪಿಟ್ಟಿತ್ತು, ಆದರೆ ಹುಳು ಹಿಡಿದಿರಲಿಲ್ಲ, ಮುಗ್ಗಲು ವಾಸನೆಯೂ ಇರಲಿಲ್ಲ. ನಾಲ್ಕು ತಟ್ಟೆಯಲ್ಲಿ ನೂರು ನೂರು ಹಾಕಿದೆ. ಐದನೆಯ ತಟ್ಟೆಯಲ್ಲಿ ಅದೇ ರಾಗಿ, ಕುದಿಸಿದ್ದು. ಎಂಟನೆಯ ದಿನ ಒಂದೂ ಮೊಳೆತಿರಲಿಲ್ಲ. ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ನಾನು ಇನ್ನೂ ಒಂದು ವಾರ ನೀರು ಚಿಮುಕಿಸಿದೆ. ಐದನೆಯ ತಟ್ಟೆ ಬೂಸಲು ಕಟ್ಟಿ ಬೆಳ್ಳಗಾಯಿತು. ಮಿಕ್ಕ ನಾಲ್ಕರಲ್ಲೂ ಅಲ್ಲಲ್ಲಿ ಬೂಸಲು ಬಂತು, ಆದರೆ ಅಷ್ಟಲ್ಲ. ಆ ವ್ಯತ್ಯಾಸವನ್ನು ಬರೆಯಲು ನಮ್ಮ ನಮೂನೆಯಲ್ಲಿ ಜಾಗವಿಲ್ಲ.

ಅವರು ಬಂದಾಗ ‘ಮೊಳೀಲಿಲ್ಲ ಯಜಮಾನ್ರೆ’ ಅಂದೆ. ಸತ್ತಿದೆ ಅನ್ನಲಿಲ್ಲ. ಅವರು ತಟ್ಟೆಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಗಂಟು ಕಟ್ಟಿಕೊಳ್ಳುತ್ತ, ‘ಹಂಗಾರೆ ಕೋಳಿಗೆ ಹಾಕ್ತೀನಿ ಬಿಡವ್ವಾ’ ಅಂದರು. ಬಾಗಿಲ ತನಕ ಹೋದವರು ತಿರುಗಿ ನಿಂತು, ‘ಒಂದು ಹಿಡಿ ಮಾತ್ರ ಹೊಲದ ಮೂಲೇಲಿ ಚೆಲ್ತೀನಿ. ಮಳೆ ಬರಲಿ, ನೋಡಾನ’ ಅಂದರು.